ಗುಂಡಿ ಹಳೇದು, ಸಸಿ ಹೊಸದು: ಕೋಲಾರದ ಕಾಲೇಜುಗಳು ನೀರಿನ ಲೆಕ್ಕ ಬರೆದರೆ ಏನಾಗುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)



ಒಂದು ಫೋಟೊದಿಂದ ಶುರು ಮಾಡ್ತೀನಿ. ನಾನು ಬಿ.ಕಾಂ ಓದ್ತಿದ್ದಾಗ ಎನ್‌ಎಸ್‌ಎಸ್ ಕಡೆಯಿಂದ ಜೂನ್ 5ಕ್ಕೆ ಒಂದು ಸಸಿ ನೆಟ್ಟಿದ್ವಿ. ಹೊಂಗೆ ಸಸಿ. ಒಂದು ಸಸಿಗೆ ಹನ್ನೊಂದು ಜನ ಕೈ ಹಾಕಿದೀವಿ ಫೋಟೊದಲ್ಲಿ. ಮುಂದಿನ ವರ್ಷ ಅದೇ ದಿನ ಹೋಗಿ ನೋಡಿದ್ರೆ ಸಸಿ ಇಲ್ಲ, ಗುಂಡಿ ಇದೆ. ಜೂನಿಯರ್‌ಗಳು ಅದೇ ಗುಂಡೀಲಿ ಇನ್ನೊಂದು ಸಸಿ ಇಟ್ಟು ಫೋಟೊ ತೆಗೆಸ್ಕೊಳ್ತಿದ್ರು. ಯಾವ ಕಾಲೇಜು ಅಂತ ಹೇಳಲ್ಲ. ಯಾಕಂದ್ರೆ ನಿಮ್ಮ ಕಾಲೇಜಲ್ಲೂ ಅಂಥ ಒಂದು ಗುಂಡಿ ಇರುತ್ತೆ ಅನ್ನೋ ಧೈರ್ಯ ನನಗಿದೆ.

ಆವತ್ತು ಎಲ್ಲರೂ ನಕ್ಕು ಸುಮ್ಮನಾದ್ವಿ. ಆಮೇಲೆ ಒಂದು ಪ್ರಶ್ನೆ ಉಳ್ಕೊಂಡ್ತು. ಸಸಿ ಯಾಕೆ ಸತ್ತೋಯ್ತು?

ಜೂನ್ 5 ನಮ್ಮೂರಿನ ದಿನಾಂಕ ಅಲ್ಲ

ವಿಶ್ವ ಪರಿಸರ ದಿನ 1972ರಲ್ಲಿ ವಿಶ್ವಸಂಸ್ಥೆ ಗೊತ್ತು ಮಾಡಿದ ದಿನ. ಸ್ಟಾಕ್‌ಹೋಮ್‌ನಲ್ಲಿ ಪರಿಸರ ಸಮ್ಮೇಳನ ಶುರುವಾದ ದಿನ ಅದು. ಒಳ್ಳೇದೇ. ಆದ್ರೆ ಕೋಲಾರದ ಮಳೆ ಸ್ಟಾಕ್‌ಹೋಮ್ ಕ್ಯಾಲೆಂಡರ್ ನೋಡ್ಕೊಂಡು ಬರಲ್ಲ.

ಕರಾವಳಿ, ಮಲೆನಾಡಿಗೆ ಜೂನ್ ಅಂದ್ರೆ ಮಳೆಗಾಲ. ನಮ್ಮದು ಬಯಲುಸೀಮೆ, ಘಟ್ಟದ ಈಚೆ ಕಡೆ. ಮೇ ತಿಂಗಳಲ್ಲಿ ಒಂದಷ್ಟು ಗುಡುಗು ಮಳೆ, ಆಮೇಲೆ ಜೂನ್-ಜುಲೈನಲ್ಲಿ ಬರೀ ಮೋಡ, ಗಾಳಿ. ನಮಗೆ ದೊಡ್ಡ ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್‌ನಲ್ಲಿ ನೆಟ್ಟ ಸಸಿಗೆ ಬೇರು ಬಿಡೋ ಹೊತ್ತಲ್ಲಿ ನೀರು ಸಿಗಲ್ಲ. ಕ್ಯಾಂಪಸ್‌ನಲ್ಲಿ ಆಗ ಪರೀಕ್ಷೆ, ರಜೆ, ಅಡ್ಮಿಷನ್ ಗಲಾಟೆ. ನೀರು ಹಾಕೋರು ಯಾರು?

ಅಂದ್ರೆ ಸಸಿ ಸತ್ತಿದ್ದು ಯಾರಿಗೂ ಪರಿಸರದ ಮೇಲೆ ಪ್ರೀತಿ ಇಲ್ಲ ಅಂತಲ್ಲ. ನಮ್ಮ ಊರಿನ ಮಳೆಯನ್ನ ಯಾರೂ ಬರೆದಿಟ್ಟು ನೋಡಿರಲಿಲ್ಲ ಅಷ್ಟೇ. ಇವತ್ತಿನ ಸಂಚಿಕೆ ಪೂರ್ತಿ ಈ ವಿಷಯದ ಮೇಲೇನೇ. ಪರಿಸರ ಜಾಗೃತಿ ಅಂತ ರ್‍ಯಾಲಿ, ರಂಗೋಲಿ, ಪೋಸ್ಟರ್ ಮಾಡ್ತೀವಲ್ಲ, ಅದರ ಬದಲು ಒಂದು ವಿಶ್ವವಿದ್ಯಾಲಯದ ಹುಡುಗರು, ಹುಡುಗೀರು, ಮೇಷ್ಟ್ರುಗಳು, ಅಟೆಂಡರ್‌ಗಳು ಸೇರಿ ಲೆಕ್ಕ ಬರೆಯೋಕೆ ಕೂತ್ರೆ?

ಒಂದೇ ವಿಶ್ವವಿದ್ಯಾಲಯ, ಪೈಪಿನ ಎರಡು ತುದಿ

ನಮ್ಮ ಜಿಲ್ಲೆಯ ಡಿಗ್ರಿ ಕಾಲೇಜುಗಳು ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕೆಳಗೆ ಬರ್ತವೆ. ಬೆಂಗಳೂರು ವಿಶ್ವವಿದ್ಯಾಲಯವನ್ನ ಮೂರು ಭಾಗ ಮಾಡಿದಾಗ, 2017ರಲ್ಲಿ ಇದು ಶುರುವಾಯ್ತು. ಹೆಸರಲ್ಲಿ ಬೆಂಗಳೂರು ಇದ್ರೂ ಕೇಂದ್ರ ಕಚೇರಿ ಇರೋದು ಕೋಲಾರದ ಟಮಕದಲ್ಲಿ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ಜೊತೆಗೆ ಬೆಂಗಳೂರು ನಗರದ ಒಂದು ಭಾಗ ಇದರ ವ್ಯಾಪ್ತಿ. ನೂರಾರು ಕಾಲೇಜುಗಳು.

ಈ ವ್ಯಾಪ್ತಿಯನ್ನ ಒಂದ್ಸಲ ಕೆ.ಸಿ. ವ್ಯಾಲಿ ನಕ್ಷೆ ಮೇಲೆ ಇಟ್ಟು ನೋಡಿ.

ಕೆ.ಸಿ. ವ್ಯಾಲಿ ಅಂದ್ರೆ ಕೋರಮಂಗಲ-ಚಲ್ಲಘಟ್ಟ ಕಣಿವೆ. ಬೆಂಗಳೂರಿನ ಮನೆ, ಹೋಟೆಲ್, ಆಫೀಸುಗಳ ಕೊಳಚೆ ನೀರನ್ನ ಶುದ್ಧೀಕರಣ ಘಟಕದಲ್ಲಿ ಸಂಸ್ಕರಿಸಿ, ಪೈಪಲ್ಲಿ ಕೋಲಾರಕ್ಕೆ ಪಂಪ್ ಮಾಡೋ ಯೋಜನೆ. ದಿನಕ್ಕೆ 440 ದಶಲಕ್ಷ ಲೀಟರ್ ಹರಿಸೋ ಗುರಿ. ಮೊದಲ ಹಂತದಲ್ಲಿ ಕೋಲಾರ ಜಿಲ್ಲೆ ಮತ್ತು ಚಿಂತಾಮಣಿ ಕಡೆಯ 126 ಕೆರೆಗಳು. ನೀರು ಮೊದಲು ಬಂದಿದ್ದು ಲಕ್ಷ್ಮೀಸಾಗರ ಕೆರೆಗೆ, 2018ರ ಜೂನ್‌ನಲ್ಲಿ. ಅಲ್ಲಿ ಕೋಡಿ ಬಿದ್ದು ಮುಂದಿನ ಕೆರೆ, ಅದು ತುಂಬಿ ಅದರ ಮುಂದಿನ ಕೆರೆ. ನಮ್ಮ ಹಿರಿಯರು ಕಟ್ಟಿದ ಸರಣಿ ಕೆರೆಗಳೇ ಈ ಯೋಜನೆಗೆ ದಾರಿ.

ಒಂದೇ ತಿಂಗಳಲ್ಲಿ, ಜುಲೈನಲ್ಲಿ, ಲಕ್ಷ್ಮೀಸಾಗರದಲ್ಲಿ ನೊರೆ ಕಾಣಿಸ್ಕೊಂಡ್ತು. ಪಂಪಿಂಗ್ ನಿಂತಿತು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆರ್. ಆಂಜನೇಯ ರೆಡ್ಡಿ ಅವರು ಕೋರ್ಟಿಗೆ ಹೋದ್ರು. ಹೈಕೋರ್ಟ್ ತಡೆ ಕೊಟ್ತು. ಆಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟು, ಏಪ್ರಿಲ್‌ನಲ್ಲಿ ತೆರವು ಮಾಡ್ತು. ಅವತ್ತಿಂದ ನೀರು ಹರೀತಾ ಇದೆ, ವಾದವೂ ಹರೀತಾ ಇದೆ.

ವಾದ ಏನು ಅಂತ ಸರಳವಾಗಿ ಹೇಳ್ತೀನಿ. ಕೊಳಚೆ ನೀರಿನ ಸಂಸ್ಕರಣೆಗೆ ಹಂತಗಳಿವೆ. ಮೊದಲ ಹಂತದಲ್ಲಿ ಕಸ, ಮರಳು, ಮಡ್ಡಿ ಬೇರೆ ಮಾಡ್ತಾರೆ. ಎರಡನೇ ಹಂತದಲ್ಲಿ ಗಾಳಿ ಊದಿ ಬ್ಯಾಕ್ಟೀರಿಯಾಗಳನ್ನ ಬೆಳೆಸ್ತಾರೆ, ಅವು ಕೊಳೆಯನ್ನ ತಿಂದು ಹಾಕ್ತವೆ. ಮೂರನೇ ಹಂತದಲ್ಲಿ ಇನ್ನೂ ಸೂಕ್ಷ್ಮವಾದ ಸೋಸುವಿಕೆ, ಸಾರಜನಕ-ರಂಜಕದಂಥ ಅಂಶ ತೆಗೆಯೋದು, ರೋಗಾಣು ಕೊಲ್ಲೋದು. ನಮಗೆ ಬರ್ತಿರೋದು ಎರಡು ಹಂತ ಮುಗಿಸಿದ ನೀರು. ಮೂರನೇ ಹಂತವೂ ಬೇಕು ಅನ್ನೋದು ಹೋರಾಟಗಾರರ ಒತ್ತಾಯ. ಈ ನೀರು ಕುಡಿಯೋಕಲ್ಲ, ಅಂತರ್ಜಲ ಮರುಪೂರಣಕ್ಕೆ, ಮಣ್ಣಲ್ಲಿ ಇಳಿಯುವಾಗ ಇನ್ನಷ್ಟು ಸೋಸುತ್ತೆ ಅನ್ನೋದು ಸರ್ಕಾರದ ಮಾತು. ಕೆರೆಗಳ ಸುತ್ತ ಅಂತರ್ಜಲ ಮೇಲೆ ಬಂದಿರೋದನ್ನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳು ದಾಖಲಿಸಿವೆ. ಎರಡೂ ಕಡೆ ಹೇಳೋಕೆ ಏನೋ ಇದೆ. ನೀರು ಬಂದಿದೆ ಅನ್ನೋದೂ ನಿಜ, ಎಂಥ ನೀರು ಅಂತ ಕೇಳೋದೂ ನ್ಯಾಯ.

ಈಗ ನೋಡಿ, ನೀರು ಬಳಸಿ ಕಳಿಸೋ ಊರಲ್ಲೂ ಈ ವಿಶ್ವವಿದ್ಯಾಲಯದ ಕಾಲೇಜುಗಳಿವೆ, ಆ ನೀರು ಬಂದು ನಿಲ್ಲೋ ಊರಲ್ಲೂ ಇದೇ ವಿಶ್ವವಿದ್ಯಾಲಯದ ಕಾಲೇಜುಗಳಿವೆ. ಬೆಂಗಳೂರಲ್ಲಿ ಬಟ್ಟೆ ತೊಳೆಯೋ ವಿದ್ಯಾರ್ಥಿ, ನರಸಾಪುರದ ಕಡೆ ಕೆರೆ ಏರಿ ಮೇಲೆ ಹಸು ಹೊಡ್ಕೊಂಡು ಹೋಗೋ ವಿದ್ಯಾರ್ಥಿ, ಇಬ್ಬರ ಅಂಕಪಟ್ಟಿಗೂ ಒಂದೇ ಸೀಲ್. ನೊರೆಗೆ ಒಂದು ಕಾರಣ ನಾವು ಬಳಸೋ ಡಿಟರ್ಜೆಂಟು. ಇದನ್ನ ಇಬ್ಬರೂ ಕೂತು ಮಾತಾಡೋಕೆ ಇದಕ್ಕಿಂತ ಒಳ್ಳೆ ಜಾಗ ಇನ್ನೆಲ್ಲಿ ಸಿಗುತ್ತೆ?

ಹವಾಮಾನ ಬದಲಾವಣೆ ಅಂದ್ರೆ ನಮಗೆ ಮೊದಲು ನೀರು

ಕಾಲೇಜಲ್ಲಿ ಕ್ಲೈಮೇಟ್ ಚೇಂಜ್ ಸೆಮಿನಾರ್ ಅಂದ್ರೆ ಹಿಮಕರಡಿ ಸ್ಲೈಡ್ ಬರುತ್ತೆ. ಕೋಲಾರಕ್ಕೆ ಹಿಮಕರಡಿ ಬೇಡ, 2021 ಮತ್ತು 2023 ಸಾಕು.

2021ರ ನವೆಂಬರ್ ನೆನಪಿದೆಯಾ? ಸುರಿದಿದ್ದೇ ಸುರಿದಿದ್ದು. ಕೆರೆ ಕೋಡಿ ಹೋದವು, ಕಟಾವಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆ ಒಡೀತು. ಎರಡೇ ವರ್ಷಕ್ಕೆ, 2023ರಲ್ಲಿ, ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು. ಅದೇ ವರ್ಷ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನ ಇಡೀ ದೇಶ ಟಿವೀಲಿ ನೋಡ್ತು.

ಇದೊಂದಕ್ಕೆ ಹವಾಮಾನ ಬದಲಾವಣೆಯೇ ಕಾರಣ ಅಂತ ಬೆರಳು ತೋರಿಸೋದು ಕಷ್ಟ. ಬರ ನಮಗೆ ಹೊಸದಲ್ಲ. ಆದ್ರೆ ಭೌತಶಾಸ್ತ್ರದ ಒಂದು ಸರಳ ಲೆಕ್ಕ ಇದೆ: ಗಾಳಿ ಒಂದು ಡಿಗ್ರಿ ಬಿಸಿಯಾದ್ರೆ ಸುಮಾರು 7 ಶೇಕಡಾ ಹೆಚ್ಚು ನೀರಾವಿ ಹಿಡ್ಕೊಳ್ಳುತ್ತೆ. ಅಂದ್ರೆ ಮಣ್ಣಿಂದ ಜಾಸ್ತಿ ಹೀರುತ್ತೆ, ಸುರಿಯುವಾಗ ಒಂದೇ ಸಲ ಸುರಿಯುತ್ತೆ. ಮಧ್ಯದ ಒಣ ದಿನಗಳು ಉದ್ದ ಆಗ್ತವೆ. ಇಂಥ ಮಳೆಗೆ ಬೇಕಾಗೋದು ಹಿಡಿದಿಡೋ ಪಾತ್ರೆ. ನಮ್ಮ ಪಾತ್ರೆ ಅಂದ್ರೆ ಕೆರೆ. ವರ್ಷಪೂರ್ತಿ ಹರಿಯೋ ನದಿ ಇಲ್ಲದ ಜಿಲ್ಲೆಯಲ್ಲಿ ಅದಕ್ಕೇ ಅಷ್ಟೊಂದು ಕೆರೆ ಕಟ್ಟಿದ್ದು.

ನೆಲದ ಕೆಳಗಿನ ಲೆಕ್ಕ ಇನ್ನೂ ಕಷ್ಟ. ಕೇಂದ್ರ ಅಂತರ್ಜಲ ಮಂಡಳಿ ತಾಲ್ಲೂಕುಗಳನ್ನ ನಾಲ್ಕು ಗುಂಪು ಮಾಡುತ್ತೆ. ವರ್ಷಕ್ಕೆ ಇಂಗೋ ನೀರಲ್ಲಿ 70 ಶೇಕಡಾ ಒಳಗೆ ತೆಗೆದ್ರೆ ಸುರಕ್ಷಿತ. 70ರಿಂದ 90 ಅಂದ್ರೆ ಅರೆ ಗಂಭೀರ, 90ರಿಂದ 100 ಗಂಭೀರ. 100 ದಾಟಿದ್ರೆ ಅತಿಬಳಕೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ವರ್ಷಗಟ್ಟಲೆ ಇರೋದು ಕೊನೇ ಗುಂಪಲ್ಲೇ. ಕಾಮರ್ಸ್ ಭಾಷೇಲಿ ಹೇಳೋದಾದ್ರೆ ಓವರ್‌ಡ್ರಾಫ್ಟ್. ಬಡ್ಡಿ ಯಾವ ರೂಪದಲ್ಲಿ ಕಟ್ತಿದೀವಿ ಅಂದ್ರೆ ಸಾವಿರ, ಸಾವಿರದ ಐನೂರು ಅಡಿ ಬೋರ್‌ವೆಲ್ ರೂಪದಲ್ಲಿ.

ಇನ್ನೊಂದು ಮಾತು. ಕಾರ್ಬನ್ ಫುಟ್‌ಪ್ರಿಂಟ್ ಅಂತ ವಿದ್ಯಾರ್ಥಿಗಳ ತಲೆ ಮೇಲೆ ಅಪರಾಧ ಹೊರಿಸೋದು ನನಗೆ ಒಪ್ಪಿಗೆ ಇಲ್ಲ. ಪ್ರಪಂಚದ ಸರಾಸರಿ ಮನುಷ್ಯ ವರ್ಷಕ್ಕೆ ಸುಮಾರು ನಾಲ್ಕೂವರೆ ಟನ್ನಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಹಾಕ್ತಾನೆ, ಭಾರತದ ಸರಾಸರಿ ಎರಡು ಟನ್ ಆಸುಪಾಸು. ಕೆಂಪು ಬಸ್ಸಲ್ಲಿ ನಿಂತ್ಕೊಂಡು ಬರೋ ಹುಡುಗೀದು ಇನ್ನೂ ಕಡಿಮೆ. ಅವಳಿಗೆ 'ನೀನು ಬದಲಾಗು' ಅನ್ನೋದಕ್ಕಿಂತ, 'ನಿಮ್ಮೂರಲ್ಲಿ ಏನು ಬದಲಾಗ್ತಿದೆ ಅಂತ ಬರೀ' ಅನ್ನೋದು ಹೆಚ್ಚು ಉಪಯೋಗ.

ಕ್ಯಾಂಪಸ್‌ನ ಜಮಾ-ಖರ್ಚು

ಹಾಗಾದ್ರೆ ಎಲ್ಲಿಂದ ಶುರು? ಒಂದು 200 ಪುಟದ ನೋಟ್‌ಬುಕ್ಕಿಂದ.

ಮೊದಲು ಖರ್ಚು. ನಿಮ್ಮ ಕಾಲೇಜಿನ ಮೇಲಿನ ಟ್ಯಾಂಕ್ ಎಷ್ಟು ಲೀಟರಿನದು, ದಿನಕ್ಕೆ ಎಷ್ಟು ಸಲ ತುಂಬಿಸ್ತಾರೆ? ಇದು ಗೊತ್ತಿರೋದು ಪ್ರಿನ್ಸಿಪಾಲರಿಗಲ್ಲ, ಮೋಟರ್ ಹಾಕೋ ಅಣ್ಣನಿಗೆ. ಅವರನ್ನ ಮೊದಲು ತಂಡಕ್ಕೆ ಸೇರಿಸ್ಕೊಳ್ಳಿ. ವಿಶ್ವವಿದ್ಯಾಲಯದ ಸಮುದಾಯ ಅಂದ್ರೆ ವಿದ್ಯಾರ್ಥಿ, ಪ್ರೊಫೆಸರ್ ಮಾತ್ರ ಅಲ್ಲ. ಶೌಚಾಲಯ ತೊಳೆಯೋ ಅಕ್ಕನಿಗೆ ಯಾವ ನಲ್ಲಿ ಸೋರುತ್ತೆ ಅಂತ ಗೊತ್ತು, ಕ್ಯಾಂಟೀನಿನವರಿಗೆ ಎಷ್ಟು ಅನ್ನ ಮಿಕ್ಕುತ್ತೆ ಅಂತ ಗೊತ್ತು.

ಆಮೇಲೆ ಜಮಾ. ಒಂದು ಚದರ ಮೀಟರ್ ತಾರಸಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು. ಕೋಲಾರದಲ್ಲಿ ಸಾಧಾರಣ ವರ್ಷದಲ್ಲಿ 700 ಮಿಲಿಮೀಟರ್ ಮಳೆ ಅಂತ ಇಟ್ಕೊಳ್ಳಿ. ಕಾಲೇಜಿನ ತಾರಸಿ 1,000 ಚದರ ಮೀಟರ್ ಇದ್ರೆ 7 ಲಕ್ಷ ಲೀಟರ್. ಆವಿ, ಸೋರಿಕೆ ಅಂತ ಐದರಲ್ಲಿ ಒಂದು ಪಾಲು ಬಿಟ್ರೂ 5 ಲಕ್ಷ 60 ಸಾವಿರ. 500 ಜನ ದಿನಕ್ಕೆ ತಲಾ 15 ಲೀಟರ್ ಬಳಸಿದ್ರೆ 7,500 ಲೀಟರ್. ಅಂದ್ರೆ ತಾರಸಿ ನೀರೊಂದೇ ಸುಮಾರು 75 ದಿನಕ್ಕೆ ಆಗುತ್ತೆ. ಇಷ್ಟನ್ನೂ ಶೇಖರಿಸೋಕೆ ಸಂಪ್ ಇಲ್ಲದಿದ್ರೆ ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ ಬಿಡಬಹುದು. ಮೊದಲ ಮಳೆಯ ಕೊಳೆ ನೀರನ್ನ ಮಾತ್ರ ಹೊರಗೆ ಬಿಡಬೇಕು.

ಇನ್ನು ಕರೆಂಟು. 5 ಎಚ್‌ಪಿ ಮೋಟರ್ ದಿನಕ್ಕೆ ಮೂರು ಗಂಟೆ ಓಡಿದ್ರೆ ಸುಮಾರು 11 ಯೂನಿಟ್. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ವರ್ಷಕ್ಕೆ 220 ಕೆಲಸದ ದಿನ ಅಂದ್ರೆ ಒಂದು ಮೋಟರಿಂದ ಸುಮಾರು 1,700 ಕೆಜಿ. ನೀರು ಆಳಕ್ಕೆ ಹೋದಷ್ಟೂ ಮೋಟರ್ ದೊಡ್ಡದು, ಬಿಲ್ ದೊಡ್ಡದು, ಹೊಗೆ ದೊಡ್ಡದು. ಕೋಲಾರದಲ್ಲಿ ನೀರು ಉಳಿಸೋದೇ ಹವಾಮಾನದ ಕೆಲಸ ಅಂತ ನಾನು ಹೇಳೋದು ಇದಕ್ಕೇ. ಎರಡೂ ಒಂದೇ ಖಾತೆ.

ನಾಲ್ಕು ಊರು, ನಾಲ್ಕು ಕೆಲಸ

ಕೋಲಾರದವರಿಗೆ: ಕೆ.ಸಿ. ವ್ಯಾಲಿ ನೀರು ಬರೋ ಒಂದು ಕೆರೆ, ಬರದೇ ಇರೋ ಒಂದು ಕೆರೆ ಆರಿಸ್ಕೊಳ್ಳಿ. ತಿಂಗಳಿಗೆ ಎರಡು ಸಲ, ಅದೇ ಜಾಗದಲ್ಲಿ ನಿಂತು ಒಂದೇ ಕೋನದಲ್ಲಿ ಫೋಟೊ ತೆಗೀರಿ. ತೂಬಿನ ಕಲ್ಲಿನ ಮೇಲೆ ನೀರು ಎಲ್ಲಿದೆ, ಬಣ್ಣ ಏನು, ವಾಸನೆ ಇದೆಯಾ, ನೊರೆ ಇದೆಯಾ, ಯಾವ ಹಕ್ಕಿ ಬಂದಿದೆ, ಎಲ್ಲ ಬರೀರಿ. ನೀರಿಗೆ ಇಳೀಬೇಡಿ, ಬರಿಗೈಲಿ ಮುಟ್ಟಬೇಡಿ. ಪ್ರತಿ ಫೆಬ್ರವರಿಯಲ್ಲಿ ದೇಶದ ಕ್ಯಾಂಪಸ್‌ಗಳಲ್ಲೆಲ್ಲ ಹಕ್ಕಿ ಎಣಿಸೋ ಕ್ಯಾಂಪಸ್ ಬರ್ಡ್ ಕೌಂಟ್ ನಡೆಯುತ್ತೆ, ಅದಕ್ಕೂ ನಿಮ್ಮ ಪಟ್ಟಿ ಸೇರಿಸಬಹುದು. ಟಮಕದಲ್ಲೇ ತೋಟಗಾರಿಕೆ ಕಾಲೇಜಿದೆ, ಕೃಷಿ ವಿಜ್ಞಾನ ಕೇಂದ್ರ ಇದೆ. ಮಣ್ಣು, ನೀರಿನ ಪರೀಕ್ಷೆ ಹೇಗೆ ಮಾಡ್ತಾರೆ ಅಂತ ಅಲ್ಲಿ ಕೇಳಿ ಕಲಿಯಬಹುದು.

ಮಾಲೂರಿನವರಿಗೆ: ನಿಮ್ಮೂರು ಇಟ್ಟಿಗೆ, ಹೆಂಚಿಗೆ ಹೆಸರುವಾಸಿ. ಇಟ್ಟಿಗೆಗೆ ಬೇಕಾಗೋದು ಜೇಡಿಮಣ್ಣು, ಬೆಂಕಿ. ಮಣ್ಣು ಎಲ್ಲಿಂದ, ಸೌದೆ ಎಲ್ಲಿಂದ ಅಂತ ಒಂದು ಪ್ರಾಜೆಕ್ಟ್ ಮಾಡಿ. ಜೊತೆಗೆ ನೀಲಗಿರಿ. ರಾಗಿ ಹೊಲಗಳು ನೀಲಗಿರಿ ತೋಪಾದ ಕಥೆ ನಿಮ್ಮ ಅಜ್ಜಂದಿರಿಗೆ ಗೊತ್ತು. ಹೊಸದಾಗಿ ನೀಲಗಿರಿ ನೆಡೋದನ್ನ ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸ್ತು. ನಿಮ್ಮ ಹೋಬಳೀಲಿ ಎಷ್ಟು ತೋಪು ಉಳಿದಿದೆ, ತೆಗೆದವರು ಏನು ಬೆಳೀತಿದಾರೆ ಅಂತ ಕೇಳಿ. ಒಂದು ಎಚ್ಚರಿಕೆ, ಭಾಷಣ ಮಾಡೋಕೆ ಹೋಗಬೇಡಿ. ಕೂಲಿಯೋರು ಸಿಗದೆ, ನೀರಿಲ್ಲದೆ ನೀಲಗಿರಿ ಹಾಕಿದ ರೈತನಿಗೂ ಅವನದೇ ಲೆಕ್ಕ ಇರುತ್ತೆ. ಅದನ್ನೂ ಬರ್ಕೊಳ್ಳಿ.

ಮುಳಬಾಗಿಲಿನವರಿಗೆ: ನಿಮ್ಮದು ಫ್ಲೋರೈಡ್ ಲೆಕ್ಕ. ಗ್ರಾನೈಟ್ ಬಂಡೆಯ ಬಿರುಕಲ್ಲಿ ಬಹಳ ಕಾಲ ನಿಂತ ನೀರಲ್ಲಿ ಫ್ಲೋರೈಡ್ ಕರಗಿರುತ್ತೆ, ಆಳದ ಬೋರ್‌ವೆಲ್‌ಗಳಲ್ಲಿ ಈ ತೊಂದರೆ ಹೆಚ್ಚು. ಕುಡಿಯೋ ನೀರಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಮ್ ಮೀರಬಾರದು. ಇಲ್ಲೊಂದು ಗಮನಿಸಿ: ಆನ್‌ಲೈನ್‌ನಲ್ಲಿ ಸಿಗೋ ಟಿಡಿಎಸ್ ಮೀಟರ್ ಫ್ಲೋರೈಡ್ ಎಷ್ಟಿದೆ ಅಂತ ತೋರಿಸಲ್ಲ, ಒಟ್ಟು ಕರಗಿದ ಲವಣ ಮಾತ್ರ ತೋರಿಸುತ್ತೆ. ಫ್ಲೋರೈಡ್‌ಗೆ ಬೇರೆ ಪರೀಕ್ಷೆ ಬೇಕು, ಅದಕ್ಕೆ ಕಿಟ್‌ಗಳಿವೆ. ಕೆಮಿಸ್ಟ್ರಿ ಲ್ಯಾಬ್ ಇರೋ ಕಾಲೇಜಿಗೆ ಇದು ದೊಡ್ಡ ಕೆಲಸ ಅಲ್ಲ. ಶುದ್ಧ ನೀರಿನ ಘಟಕದಲ್ಲಿ ಒಂದು ಬಿಂದಿಗೆ ತುಂಬೋವಾಗ ಎಷ್ಟು ನೀರು ಹೊರಗೆ ಚೆಲ್ಲಿ ಹೋಗುತ್ತೆ ಅಂತ ಬಕೆಟ್ ಇಟ್ಟು ಅಳೀರಿ. ದೋಸೆ ಪಾರ್ಸಲ್ ತರುವಾಗ ಡಬ್ಬಿ ತಗೊಂಡು ಹೋಗೋದನ್ನ ಬೇರೆ ಹೇಳಬೇಕಾ?

ಶ್ರೀನಿವಾಸಪುರದವರಿಗೆ: ಮಾವಿನ ಮರ. ಮಾವಿಗೆ ಹೂ ಬಿಡೋಕೆ ಚಳಿ ಬೇಕು, ಒಣ ಹವೆ ಬೇಕು. ಚಳಿಗಾಲ ಹದ ತಪ್ಪಿದ್ರೆ, ಹೂ ಬಿಟ್ಟಾಗ ಮಳೆ ಬಿದ್ರೆ, ಬೆಳೆ ಹೋಯ್ತು. ಸೀಸನ್‌ವಾಚ್ ಅಂತ ಒಂದು ಯೋಜನೆ ಇದೆ, ದೇಶಾದ್ಯಂತ ಜನ ಒಂದು ಮರ ಆರಿಸ್ಕೊಂಡು ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ದಾಖಲಿಸ್ತಾರೆ. ಮಾವೂ ಅದರಲ್ಲಿದೆ. ನಿಮ್ಮ ತೋಟದ ಒಂದು ಬಾದಾಮಿ, ಒಂದು ತೋತಾಪುರಿ ಮರ ಸಾಕು. ಪಂಚಾಯ್ತಿ ಮಟ್ಟದ ಮಳೆ ಮಾಹಿತಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತೆ. ಎರಡನ್ನೂ ಅಕ್ಕಪಕ್ಕ ಇಟ್ಟು ಐದು ವರ್ಷ ಬರೆದ್ರೆ ಮಾವಿನ ಮಂಡೀಲಿ ನಡೆಯೋ ಜಗಳಕ್ಕೂ ಅದು ಸಾಕ್ಷಿ.

ಬರೆದಿದ್ದನ್ನ ಯಾರಿಗೆ ಕೊಡೋದು?

ಇಲ್ಲೇ ಬಹಳಷ್ಟು ಕ್ಯಾಂಪಸ್ ಕೆಲಸ ಸತ್ತು ಹೋಗೋದು. ರಿಪೋರ್ಟ್ ಬೀರೂಲಿ, ಫೋಟೊ ವಾಟ್ಸಾಪ್‌ನಲ್ಲಿ. ಕೆಲವು ದಾರಿ ಹೇಳ್ತೀನಿ.

ಒಂದು, ಕಾಲೇಜಿನ ಒಳಗೆ. ಇಷ್ಟು ವರ್ಷ ನಡೆದುಬಂದ ನ್ಯಾಕ್ ಮೌಲ್ಯಮಾಪನದಲ್ಲಿ ಏಳನೇ ಮಾನದಂಡ ಪರಿಸರದ್ದೂ ಹೌದು. ಗ್ರೀನ್ ಆಡಿಟ್, ವಿದ್ಯುತ್, ಮಳೆನೀರು ಸಂಗ್ರಹ ಎಲ್ಲ ಅಲ್ಲಿ ಕೇಳ್ತಾರೆ. ನಿಮ್ಮ ನೋಟ್‌ಬುಕ್ ಪ್ರಿನ್ಸಿಪಾಲರಿಗೆ ಬೇಕಾಗಿರೋ ವಸ್ತು. ಹಾಗೆ ಹೇಳೇ ಕೊಡಿ.

ಎರಡು, ಅಂಕ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದಲೇ ಪರಿಸರ ಅಧ್ಯಯನ ಡಿಗ್ರಿಯಲ್ಲಿ ಕಡ್ಡಾಯ ಆಗಿದ್ದು. ಆ ಪೇಪರ್‌ನ ಅಸೈನ್‌ಮೆಂಟನ್ನ ನಾವೆಲ್ಲ ಗೂಗಲ್‌ನಿಂದ ಇಳಿಸಿ ಬರೆದವರೇ. ಅದರ ಬದಲು ನಿಮ್ಮೂರ ಕೆರೆಯ ಆರು ತಿಂಗಳ ದಾಖಲೆ ಕೊಡ್ತೀವಿ ಅಂತ ಮೇಡಮ್ಮಿಗೆ ಕೇಳಿ. ಎನ್‌ಎಸ್‌ಎಸ್‌ನಲ್ಲಿ ಒಬ್ಬರಿಗೆ ವರ್ಷಕ್ಕೆ 120 ಗಂಟೆ ಸೇವೆ ಇದೆ. ಏಳು ದಿನದ ಶಿಬಿರ ಇದೆ. ಒಂದು ಕೆರೆಯ ಒತ್ತುವರಿ, ರಾಜಕಾಲುವೆ, ತೂಬು ಎಲ್ಲ ನಡ್ಕೊಂಡು ನೋಡೋಕೆ ಏಳು ದಿನ ಧಾರಾಳ.

ಮೂರು, ಊರಿಗೆ. ಗ್ರಾಮಸಭೆಯಲ್ಲಿ ಓದಿ. ಕೆರೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರೋದು ಊರ ಹಿರಿಯರಿಗೆ. ಹಿಂದೆ ನೀರುಗಂಟಿಗಳು ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಅಂತ ಹಂಚ್ತಿದ್ದವರು. ಅಂಥ ಮನೆತನದವರು ಇನ್ನೂ ಇದ್ರೆ ಅವರ ಮಾತು ರೆಕಾರ್ಡ್ ಮಾಡಿ. ಫೋನ್ ಇದೆಯಲ್ಲ.

ನಾಲ್ಕು, ಇಲಾಖೆಗೆ. ಕೆರೆಗೆ ಬರೋ ನೀರಿನ ಗುಣಮಟ್ಟದ ವರದಿ ಕೊಡಿ ಅಂತ 2005ರ ಮಾಹಿತಿ ಹಕ್ಕು ಕಾಯ್ದೆ ಅಡಿ ಅರ್ಜಿ ಹಾಕೋಕೆ 10 ರೂಪಾಯಿ ಸಾಕು. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ನಿಮ್ಮ ಹತ್ರ ನಿಮ್ಮದೇ ದಾಖಲೆ ಇದ್ರೆ ಬಂದ ಉತ್ತರವನ್ನ ಹೋಲಿಸಿ ನೋಡಬಹುದು. ಇಲ್ಲದಿದ್ರೆ ಕೊಟ್ಟಿದ್ದನ್ನ ನಂಬಬೇಕು, ಅಥವಾ ಸುಮ್ಮನೆ ಬೈಬೇಕು. ಎರಡೂ ಸುಲಭ, ಎರಡರಿಂದಲೂ ಪ್ರಯೋಜನ ಇಲ್ಲ.

ಮೂರು ವರ್ಷದ ಸಮಸ್ಯೆ

ಕೊನೇದಾಗಿ, ದೊಡ್ಡ ತೊಂದರೆ. ಡಿಗ್ರಿ ಮೂರು ವರ್ಷ. ಕೆರೆಯ ಕಥೆ ಗೊತ್ತಾಗೋಕೆ ಹತ್ತು ವರ್ಷ ಬೇಕು. ಹುರುಪಿರೋ ಒಬ್ಬ ಮೇಷ್ಟ್ರು ವರ್ಗ ಆಗಿ ಹೋದ್ರೆ, ಹುರುಪಿರೋ ಬ್ಯಾಚು ಪಾಸಾಗಿ ಬೆಂಗಳೂರಿಗೆ ಕೆಲಸಕ್ಕೆ ಹೋದ್ರೆ, ಮತ್ತೆ ಅದೇ ಗುಂಡಿ, ಹೊಸ ಸಸಿ.

ಅದಕ್ಕೇ ನೋಟ್‌ಬುಕ್ ಅಂದಿದ್ದು. ಆ್ಯಪ್ ಬೇಡ ಅಂತಲ್ಲ, ಫೋಟೊ ಡ್ರೈವ್‌ನಲ್ಲಿ ಇರಲಿ. ಆದ್ರೆ ಲೈಬ್ರರೀಲಿ ನಂಬರ್ ಹಾಕಿದ ಒಂದು ಪುಸ್ತಕ ಇರಲಿ, ಮೊದಲ ಪುಟದಲ್ಲಿ ಯಾವ ಕೆರೆ, ಎಲ್ಲಿ ನಿಂತು ಅಳೀಬೇಕು, ಹೇಗೆ ಅಳೀಬೇಕು ಅಂತ ಬರೆದಿರಲಿ. ಪ್ರತಿ ವರ್ಷ ಫೇರ್‌ವೆಲ್ ದಿನ ಫೈನಲ್ ಇಯರ್‌ನವರು ಅದನ್ನ ಫಸ್ಟ್ ಇಯರ್‌ನವರ ಕೈಗೆ ಕೊಡಲಿ. ಬಿ.ಕಾಂನವರಿಗೆ ವಿಶೇಷ ಮನವಿ: ಲೆಡ್ಜರ್ ಹೇಗೆ ಮುಂದುವರಿಸೋದು ಅಂತ ನಮಗೆ ಯಾರೂ ಹೇಳ್ಕೊಡಬೇಕಿಲ್ಲ. ಹಿಂದಿನ ವರ್ಷದ ಕ್ಲೋಸಿಂಗ್ ಬ್ಯಾಲೆನ್ಸೇ ಈ ವರ್ಷದ ಓಪನಿಂಗ್ ಬ್ಯಾಲೆನ್ಸ್.

ಸಸಿ ನೆಡಲೇಬೇಡಿ ಅಂತ ನಾನು ಹೇಳ್ತಿಲ್ಲ. ನೆಡಿ. ಸೆಪ್ಟೆಂಬರ್‌ನಲ್ಲಿ ಒಂದೆರಡು ಹದ ಮಳೆ ಬಿದ್ದ ಮೇಲೆ ನೆಡಿ. ಹೊಂಗೆ, ಬೇವು, ನೇರಳೆ ಥರ ನಮ್ಮ ಮಣ್ಣಿಗೆ ಒಗ್ಗೋದನ್ನ ನೆಡಿ. ಹನ್ನೊಂದು ಜನ ಒಂದು ಸಸಿ ಹಿಡ್ಕೊಳ್ಳೋ ಬದಲು ಒಂದು ಸಸಿಗೆ ಬೇಸಿಗೆಯ ಹನ್ನೊಂದು ವಾರ ಸರದಿ ಹಾಕ್ಕೊಳ್ಳಿ. ಯಾರ ವಾರ, ಎಷ್ಟು ಬಕೆಟ್ ಅಂತ ಅದೇ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೀರಿ.

ಮುಂದಿನ ಸಂಚಿಕೆಯವರೆಗೆ ಒಂದೇ ಹೋಮ್‌ವರ್ಕ್. ನಾಳೆ ಕಾಲೇಜಿಗೆ ಹೋದಾಗ ಮೋಟರ್ ಹಾಕೋ ಅಣ್ಣನ್ನ ಹುಡುಕಿ, 'ಅಣ್ಣಾ, ದಿನಕ್ಕೆ ಎಷ್ಟು ಟ್ಯಾಂಕ್?' ಅಂತ ಕೇಳಿ. ಅವರು ಹೇಳಿದ ಸಂಖ್ಯೆ, ಆ ದಿನದ ತಾರೀಕು ಬರೀರಿ. ಅದೇ ಮೊದಲನೇ ಎಂಟ್ರಿ.